ಅಳಿಸಿಹೋಗಬೇಕಾದ ಗೆರೆಗಳು: ಕ್ವಿಲ್ಟ್ ಗುರುತು ಸಾಧನಗಳು ಮತ್ತು ನನ್ನ ಪರೀಕ್ಷಾ ಬಟ್ಟೆ

ಬಿಳಿ ಬಟ್ಟೆಯ ಮೇಲೆ ಕಂದು ಗೆರೆ. ಅದೂ ಒಂದೆರಡಲ್ಲ, ನಾಲ್ಕು ತಿಂಗಳು ಕೂತು ಕೈಯಲ್ಲಿ ಹೊಲಿದ ಕ್ವಿಲ್ಟಿನ (ಕೌದಿಯಂಥ ಪದರದ ಹೊದಿಕೆಯ) ತುಂಬಾ.

ತಂಗಿಯ ಮಗುವಿಗೆ ಅಂತ ಹೊಲಿಯುತ್ತಿದ್ದೆ. ಹೊಲಿಗೆಗೆ ದಾರಿಯಾಗಲಿ ಅಂತ ಎಲೆ, ಬಳ್ಳಿಗಳ ಚಿತ್ತಾರವನ್ನು ನೀರಿಗೆ ಹೋಗುವ ನೀಲಿ ಪೆನ್ನಿನಲ್ಲಿ ಬರೆದುಕೊಂಡಿದ್ದೆ. ಹೊಲಿಗೆ ಮುಗಿಯಿತು. ಅಂಚು ಕಟ್ಟುವ ಮೊದಲು ಸ್ವಲ್ಪ ಸುಕ್ಕು ಕಾಣಿಸಿತು, ಇಸ್ತ್ರಿ ಎಳೆದೆ. ನೀಲಿ ಕೊಂಚ ಮಸುಕಾಯಿತು. ಒಳ್ಳೆಯದೇ ಆಯಿತು, ತೊಳೆಯುವಾಗ ಬೇಗ ಹೋಗುತ್ತದೆ ಅಂದುಕೊಂಡೆ. ಎಂಥ ಪೆದ್ದುತನ! ತೊಳೆದು ಒಣಗಿಸಿದ ಮೇಲೆ ಅದೇ ಎಲೆ, ಅದೇ ಬಳ್ಳಿ, ಈ ಸಲ ತುಕ್ಕಿನ ಬಣ್ಣದಲ್ಲಿ. ಪೆನ್ನಿನ ಕವರ್ ಕಸದ ಬುಟ್ಟಿಯಲ್ಲೇ ಇತ್ತು. ತೆಗೆದು ನೋಡಿದರೆ ಹಿಂದೆ ಸಣ್ಣ ಅಕ್ಷರದಲ್ಲಿ ಇತ್ತು: ಗುರುತು ಪೂರ್ತಿ ಹೋಗುವ ತನಕ ಇಸ್ತ್ರಿ ಮಾಡಬೇಡಿ. ತಪ್ಪು ಪೆನ್ನಿನದಲ್ಲ, ನನ್ನದೇ.

ಆಮೇಲೆ ಎರಡು ದಿನ ತಣ್ಣೀರಲ್ಲಿ ನೆನೆಸಿಟ್ಟೆ, ನೀರು ಬದಲಾಯಿಸಿದೆ, ಮತ್ತೆ ನೆನೆಸಿದೆ. ಕಂದು ತಿಳಿಯಾಯಿತು, ಹೋಗಲಿಲ್ಲ. ತಂಗಿ ಮಾತ್ರ "ಅಕ್ಕ, ಅದು ಡಿಸೈನ್ ಅಂತಲೇ ಎಲ್ಲರೂ ಅಂದ್ಕೋತಾರೆ ಬಿಡು" ಅಂದಳು. ಅವಳು ಹಾಗೇ. ನನಗೆ ಆ ಕ್ವಿಲ್ಟ್ ನೋಡಿದಾಗಲೆಲ್ಲ ಇಸ್ತ್ರಿ ಪೆಟ್ಟಿಗೆ ನೆನಪಾಗುತ್ತದೆ.

ಅಲ್ಲಿಂದ ಮುಂದೆ ಯಾವ ಸಾಧನವನ್ನೂ ನಂಬದೆ ಒಂದು ಪರೀಕ್ಷಾ ಬಟ್ಟೆ ಹೊಲಿದುಕೊಂಡೆ. ಒಂಬತ್ತು ಬಗೆಯ ಬಟ್ಟೆಯ ಪಟ್ಟಿಗಳು: ಬಿಳಿ ಹತ್ತಿ, ಕೆನೆ ಬಣ್ಣದ ಮಸ್ಲಿನ್, ತಿಳಿ ಹಳದಿ, ಕೆಂಪು, ಕಡು ನೀಲಿ, ಕಪ್ಪು, ಸಣ್ಣ ಹೂವಿನ ಪ್ರಿಂಟ್, ಬಾಟಿಕ್, ಲಿನನ್. ಒಂದಕ್ಕೊಂದು ಜೋಡಿಸಿ, ನಡುವೆ ಹತ್ತಿಯ ಒಳಹಾಸು ಇಟ್ಟು, ಕೆಳಗೆ ಅಸ್ತರು ಕೊಟ್ಟೆ. ಒಳಹಾಸು ಇಲ್ಲದೆ ಬರೀ ಬಟ್ಟೆಯ ಮೇಲೆ ಪರೀಕ್ಷೆ ಮಾಡಿದರೆ ಅರ್ಧ ಸತ್ಯವಷ್ಟೇ ಗೊತ್ತಾಗುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಇದರ ಮೇಲೆ ಮನೆಯಲ್ಲಿದ್ದ, ಕೇಳಿ ತಂದ, ಕೊಂಡು ತಂದ ಎಲ್ಲ ಸಾಧನಗಳಿಂದ ಅಡ್ಡ ಗೆರೆ ಎಳೆದು ನಾಲ್ಕು ತುಂಡು ಮಾಡಿದೆ. ಒಂದನ್ನು ಅದೇ ದಿನ ತೊಳೆದೆ. ಒಂದನ್ನು ತಿಂಗಳು ಬಿಟ್ಟು ತೊಳೆದೆ. ಒಂದಕ್ಕೆ ಮೊದಲು ಇಸ್ತ್ರಿ ಹಾಕಿ ಆಮೇಲೆ ತೊಳೆದೆ. ನಾಲ್ಕನೆಯದನ್ನು ಸುಮ್ನೆ ಕಪಾಟಿನಲ್ಲಿ ಇಟ್ಟೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಕೈಹೊಲಿಗೆಯವಳು, ನಿಧಾನ. ರಾತ್ರಿ ಮೇಜಿನ ದೀಪದ ಕೆಳಗೆ ಒಂದು ಗಂಟೆ ಕೂತರೆ ಹೆಚ್ಚು. ಒಂದು ಕ್ವಿಲ್ಟ್ ನನ್ನ ಕೈಯಲ್ಲಿ ಐದಾರು ತಿಂಗಳು ಇರುತ್ತದೆ. ಮೆಷಿನ್ನಿನಲ್ಲಿ ಒಂದು ವಾರಾಂತ್ಯಕ್ಕೆ ಮುಗಿಸುವವರಿಗೆ ನನ್ನ ಅಭಿಪ್ರಾಯ ಕೆಲವು ಕಡೆ ತಲೆಕೆಳಗಾಗಿ ಕಾಣಬಹುದು.

ನೀಲಿ ಪೆನ್ನಿನಿಂದಲೇ ಶುರು ಮಾಡೋಣ. ನನಗೆ ಅಷ್ಟು ಕಾಟ ಕೊಟ್ಟರೂ ಅದನ್ನು ಪೆಟ್ಟಿಗೆಯಿಂದ ಹೊರಗೆ ಹಾಕಿಲ್ಲ. ತಿಳಿ ಬಣ್ಣದ ಬಟ್ಟೆಯ ಮೇಲೆ ಇದರಷ್ಟು ಚೆನ್ನಾಗಿ ಕಾಣುವ ಗೆರೆ ಬೇರೆ ಇಲ್ಲ. ಬಟ್ಟೆ ಮಡಿಸಿದರೂ ಬಿಚ್ಚಿದರೂ ಉದುರುವುದಿಲ್ಲ. ಬಳ್ಳಿ, ಗರಿ, ಹೂವಿನಂಥ ಸುತ್ತು ಸುತ್ತಿನ ಚಿತ್ತಾರಕ್ಕೆ ಇದೇ ಸುಲಭ. ಕೆಳಗೆ ಚಿತ್ರ ಇಟ್ಟು, ಕಿಟಕಿ ಗಾಜಿಗೆ ಆನಿಸಿ ನಕಲು ಮಾಡಿಕೊಳ್ಳಬಹುದು. ಪದರಗಳನ್ನು ಜೋಡಿಸುವ ಮೊದಲೇ ಪೂರ್ತಿ ಗುರುತು ಹಾಕಿಟ್ಟುಕೊಳ್ಳಬಹುದು.

ತೊಂದರೆ ಇರುವುದು ತೆಗೆಯುವ ರೀತಿಯಲ್ಲಿ. ಹೊಲಿದು ಮುಗಿಸಿದ ಮೇಲೆ ಹೆಚ್ಚಿನವರು ಏನು ಮಾಡುತ್ತಾರೆ? ನೀರು ತುಂಬಿದ ಸ್ಪ್ರೇ ಬಾಟಲಿ ಹಿಡಿದು ಗೆರೆಯ ಮೇಲೆ ಪುಸ್ ಪುಸ್ ಅನ್ನಿಸುತ್ತಾರೆ. ಗೆರೆ ಮಾಯ. ಬಟ್ಟೆ ಒಣಗುತ್ತದೆ, ಗೆರೆ ಮತ್ತೆ ಹಾಜರು, ಕೊಂಚ ಅಗಲವಾಗಿ, ಮಸುಕಾಗಿ. ಬಣ್ಣ ಎಲ್ಲಿಗೂ ಹೋಗಿರುವುದಿಲ್ಲ. ನೀರಿನ ಜೊತೆ ಒಳಹಾಸಿಗೆ ಇಳಿದಿರುತ್ತದೆ. ಒಣಗುವಾಗ ನೀರು ಮೇಲಿನಿಂದ ಆವಿಯಾಗುತ್ತದಲ್ಲ, ಅದರ ಜೊತೆಗೇ ಬಣ್ಣವೂ ಹತ್ತಿಬರುತ್ತದೆ. ಬರೀ ಬಟ್ಟೆಯ ಮೇಲೆ ಪರೀಕ್ಷೆ ಮಾಡಿದರೆ ಇದು ಗೊತ್ತಾಗುವುದೇ ಇಲ್ಲ.

ಹಾಗಾಗಿ ಪೂರ್ತಿ ಕ್ವಿಲ್ಟನ್ನು ತಣ್ಣೀರಲ್ಲಿ ಮುಳುಗಿಸಬೇಕು. ಬರೀ ನೀರು, ಸೋಪಿನ ಪುಡಿ ಹಾಕಬಾರದು. ಕೆಲವು ಡಿಟರ್ಜೆಂಟುಗಳ ಕ್ಷಾರಕ್ಕೆ ಈ ನೀಲಿ ಕಚ್ಚಿಕೊಂಡು ಕಂದು ಅಥವಾ ಹಳದಿಯಾಗುವುದುಂಟು. ನಾನು ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿ, ನೀರು ಚೆಲ್ಲಿ, ಮತ್ತೊಮ್ಮೆ ಹೊಸ ನೀರಲ್ಲಿ ಮುಳುಗಿಸುತ್ತೇನೆ. ಸೋಪು ಅದಾದ ಮೇಲೆ. ಇಸ್ತ್ರಿ ಎಲ್ಲಕ್ಕಿಂತ ಕೊನೆಗೆ. ಬಿಸಿಲು ಹೊಡೆಯುವ ಕಿಟಕಿಯ ಪಕ್ಕದಲ್ಲೂ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲೂ ಬಿಡಬಾರದು, ಶಾಖ ಅಂದರೆ ಶಾಖವೇ.

ನನ್ನ ಪರೀಕ್ಷಾ ಬಟ್ಟೆಯಲ್ಲಿ ಅದೇ ದಿನ ತೊಳೆದ ತುಂಡು ಸ್ವಚ್ಛ. ತಿಂಗಳು ಬಿಟ್ಟು ತೊಳೆದ ತುಂಡಿನಲ್ಲಿ ಕೆನೆ ಬಣ್ಣದ ಮಸ್ಲಿನ್ ಮೇಲೆ ಮಾತ್ರ ನೆರಳಿನಂಥ ಗುರುತು ಉಳಿಯಿತು, ಎರಡನೇ ಸಲ ನೆನೆಸಿದಾಗ ಹೋಯಿತು. ಇಸ್ತ್ರಿ ಹಾಕಿದ್ದರ ಕಥೆ ನಿಮಗೆ ಗೊತ್ತೇ ಇದೆ. ತೀರ್ಪು: ತಿಳಿ ಬಣ್ಣಕ್ಕೆ ಒಳ್ಳೆಯದು, ಆದರೆ ಮುಗಿದ ಮೇಲೆ ಕ್ವಿಲ್ಟನ್ನು ನೀರಲ್ಲಿ ಮುಳುಗಿಸಲು ಸಿದ್ಧ ಇದ್ದವರಿಗೆ ಮಾತ್ರ. ರೇಷ್ಮೆ ತುಂಡುಗಳಿದ್ದರೆ, ಬಣ್ಣ ಬಿಡುವ ಕೆಂಪು ಬಟ್ಟೆ ಇದ್ದರೆ, ಬೇರೆ ಸಾಧನ ನೋಡಿಕೊಳ್ಳಿ.

ಇದರ ದಾಯಾದಿ ನೇರಳೆ ಪೆನ್ನು, ಗಾಳಿಗೆ ತಾನಾಗಿ ಹೋಗುವಂಥದ್ದು. ಕೆಲವೊಮ್ಮೆ ಒಂದು ದಿನ ಇರುತ್ತದೆ, ಕೆಲವೊಮ್ಮೆ ಮೂರು ದಿನ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಇನ್ನೂ ಬೇಗ. ನನ್ನಂಥ ನಿಧಾನದವರಿಗೆ ಇದು ಪ್ರಯೋಜನವಿಲ್ಲ. ಒಂದು ರಾತ್ರಿ ಅರ್ಧ ಹೂವು ಹೊಲಿದು ಮಲಗಿದೆ, ಬೆಳಿಗ್ಗೆ ಉಳಿದರ್ಧ ಹೂವು ಇರಲಿಲ್ಲ. ಮೆಷಿನ್ನಿಗೆ ಕೂತು ಒಂದೇ ಉಸಿರಿಗೆ ಮುಗಿಸುವವರಿಗೆ ಸರಿ. ಆದರೆ ಕಣ್ಣಿಗೆ ಕಾಣದಿದ್ದರೂ ಅದರ ರಾಸಾಯನಿಕ ಬಟ್ಟೆಯಲ್ಲೇ ಉಳಿದಿರುತ್ತದೆ. ಇದನ್ನೂ ನೀರಲ್ಲಿ ತೊಳೆದ ಮೇಲೆಯೇ ಇಸ್ತ್ರಿಗೆ ಕೊಡಬೇಕು. ತಾನಾಗಿ ಹೋಯಿತಲ್ಲ, ಇನ್ನೇನು ಅಂತ ಬಿಡಬಾರದು.

ಈಗ ಎಲ್ಲರ ಬಾಯಲ್ಲೂ ಇರುವುದು ಶಾಖಕ್ಕೆ ಅಳಿಸುವ ಪೆನ್ನು. ಇದು ಬಟ್ಟೆಗೆ ಅಂತ ಹುಟ್ಟಿದ್ದಲ್ಲ. ಜಪಾನಿನ ಪೈಲಟ್ ಕಂಪನಿಯ ಫ್ರಿಕ್ಸಿಯನ್ ಪೆನ್ನು 2006ರಲ್ಲಿ ಮೊದಲು ಯುರೋಪಿನಲ್ಲಿ ಬಂತು, ಮರುವರ್ಷ ಜಪಾನಿನಲ್ಲಿ. ಕಾಗದದ ಮೇಲೆ ಬರೆದು, ಹಿಂದಿನ ರಬ್ಬರ್ ತುದಿಯಿಂದ ತಿಕ್ಕಿದರೆ ಅಳಿಸಿಹೋಗುತ್ತದೆ. ತಿಕ್ಕಿದಾಗ ಹುಟ್ಟುವ ಬಿಸಿಯೇ ಅಳಿಸುವುದು. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಣ್ಣ ಹೋಗುತ್ತದೆ. ಕ್ವಿಲ್ಟ್ ಹೊಲಿಯುವವರಿಗೆ ಇದು ಗೊತ್ತಾಗಲು ಎಷ್ಟು ಹೊತ್ತು? ಇಸ್ತ್ರಿ ಒಮ್ಮೆ ಸವರಿದರೆ ಸಾಕು, ಗೆರೆ ಇಲ್ಲ. ನೀರು ಬೇಡ, ನೆನೆಸುವುದು ಬೇಡ. ತುದಿ ಸಣ್ಣ, ಗೆರೆ ತೆಳು. ಬಟ್ಟೆಯ ಮೇಲೆ ಬಳಸುವ ಬೇರೆ ಕಂಪನಿಗಳ ಪೆನ್ನುಗಳೂ ಆಮೇಲೆ ಬಂದವು.

ಆದರೆ ಶಾಯಿ ಹೋಗುವುದಿಲ್ಲ, ಬಣ್ಣ ಮಾತ್ರ ಹೋಗುತ್ತದೆ. ಶಾಯಿಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಿರುತ್ತವೆ. ಒಂದೊಂದರಲ್ಲೂ ಬಣ್ಣ, ಬಣ್ಣವನ್ನು ತೋರಿಸುವ ವಸ್ತು, ಇವೆರಡರ ನಡುವೆ ಶಾಖಕ್ಕೆ ಕರಗುವ ಮೂರನೆಯದು. ಬಿಸಿಗೆ ಮೂರನೆಯದು ಕರಗಿ ಮೊದಲ ಎರಡರ ಜೋಡಿ ಬಿಡಿಸುತ್ತದೆ, ಬಣ್ಣ ಕಾಣದಂತಾಗುತ್ತದೆ. ತಣ್ಣಗಾದರೆ? ಕೋಣೆಯ ತಂಪಿಗೆ ಏನೂ ಆಗುವುದಿಲ್ಲ. ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗೆ ಹೋದರೆ ಬಣ್ಣ ಮರಳಲು ಶುರು, 20 ಡಿಗ್ರಿ ಕೆಳಗೆ ಹೋದರೆ ಪೂರ್ತಿ ವಾಪಸ್ಸು.

ಇದನ್ನು ನಂಬದೆ ಪರೀಕ್ಷಾ ಬಟ್ಟೆಯ ಒಂದು ಚೂರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟೆ. ಮನೆಯ ಫ್ರೀಜರು ಸಾಮಾನ್ಯವಾಗಿ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತದೆ. ಮರುದಿನ ತೆಗೆದರೆ ಬಿಳಿ ಹತ್ತಿಯ ಮೇಲೆ ಎಲ್ಲ ಗೆರೆಗಳೂ ನಗುತ್ತಾ ಕೂತಿದ್ದವು. ಮಗಳನ್ನು ಕರೆದು ತೋರಿಸಿದರೆ "ಅಮ್ಮ, ಇದು ಗುಟ್ಟಿನ ಪತ್ರ ಬರೆಯೋಕೆ ಚೆನ್ನಾಗಿದೆ" ಅಂದಳು. ಪತ್ರಕ್ಕೆ ಸರಿ. ಚಳಿಗಾಲದಲ್ಲಿ ಹಿಮ ಬೀಳುವ ಕಡೆ ಕ್ವಿಲ್ಟನ್ನು ಪಾರ್ಸೆಲ್ಲಿನಲ್ಲಿ ಕಳಿಸಿದರೆ ಏನಾಗಬಹುದು ಅಂತ ನೀವೇ ಯೋಚಿಸಿ.

ಅದಕ್ಕಿಂತ ದೊಡ್ಡ ತೊಂದರೆ ಕಡು ಬಣ್ಣದ ಬಟ್ಟೆಯ ಮೇಲೆ. ನಾನು ಕೊಂಡಿದ್ದು ಹೆಸರೇ ಇಲ್ಲದ ಒಂದು ಕಟ್ಟು, ನಾಲ್ಕು ಬಣ್ಣದ್ದು. ಕಡು ನೀಲಿಯ ಮೇಲೆ ಎಳೆದು ಇಸ್ತ್ರಿ ಹಾಕಿದಾಗ ಬಣ್ಣ ಹೋಯಿತು, ಆದರೆ ಗೆರೆಯ ಜಾಗದಲ್ಲಿ ಬಿಳಿಚಿದ ಹಾದಿ ಉಳಿಯಿತು. ಬಸವನಹುಳು ಹರಿದು ಹೋದಂತೆ. ಬಾಟಿಕ್ ಮೇಲೂ ಹಾಗೇ. ತೊಳೆದೆ, ಸ್ವಲ್ಪ ಕಡಿಮೆಯಾಯಿತು, ಬೆಳಕಿಗೆ ಓರೆ ಹಿಡಿದರೆ ಇನ್ನೂ ಕಾಣುತ್ತದೆ. ಹಾಗಾಗಿ ಈ ಪೆನ್ನನ್ನು ಕ್ವಿಲ್ಟಿನ ಮೇಲ್ಮೈಗೆ ನಾನು ಮುಟ್ಟಿಸುವುದಿಲ್ಲ. ಕತ್ತರಿಸುವ ಗೆರೆಗೆ, ತುಂಡುಗಳ ಹಿಂಬದಿಗೆ, ಚೌಕದಿಂದ ತ್ರಿಕೋನ ಮಾಡುವಾಗ ಎಳೆಯುವ ಮೂಲೆಯಿಂದ ಮೂಲೆಗಿನ ಗೆರೆಗೆ ಇದೇ ನನ್ನ ಪೆನ್ನು. ಅಲ್ಲಿ ಗೆರೆ ವಾಪಸ್ಸು ಬಂದರೂ ಯಾರಿಗೂ ಕಾಣುವುದಿಲ್ಲ. ಆ ಕೆಲಸಕ್ಕೆ ಪೂರ್ತಿ ಅಂಕ.

ಮೂರೂ ಪೆನ್ನುಗಳ ಗುಣ ಒಟ್ಟಿಗೆ ನೋಡಿ. ಒಂದಕ್ಕೆ ನೀರು ಬೇಕು, ಬಿಸಿ ಆಗದು. ಇನ್ನೊಂದಕ್ಕೆ ಬಿಸಿ ಬೇಕು, ಚಳಿ ಆಗದು. ಇನ್ನೊಂದು ಹೇಳದೆ ಕೇಳದೆ ಹೋಗುತ್ತದೆ. ಒಂದೇ ಕ್ವಿಲ್ಟಿನಲ್ಲಿ ನೀಲಿ ಪೆನ್ನನ್ನೂ ಶಾಖದ ಪೆನ್ನನ್ನೂ ಬೆರೆಸಿದಿರೋ, ಒಂದನ್ನು ಅಳಿಸಲು ಹೋಗಿ ಇನ್ನೊಂದನ್ನು ಕಾಯಂ ಮಾಡಿಕೊಳ್ಳುತ್ತೀರಿ. ಈಗ ನಾನು ಹೊಸ ಸಾಧನ ಕೊಳ್ಳುವಾಗ ಗೆರೆ ಹೇಗೆ ಬೀಳುತ್ತದೆ ಅಂತ ನೋಡುವ ಮೊದಲು ಹೇಗೆ ಹೋಗುತ್ತದೆ ಅಂತ ಕೇಳುತ್ತೇನೆ. ಆ ಹೋಗುವ ದಾರಿ ನನ್ನ ಕ್ವಿಲ್ಟಿಗೆ ಒಗ್ಗುತ್ತದೆಯಾ ಅಂತ ಆಮೇಲೆ.

ಚಾಕಿಗೆ, ಅಂದರೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣಕ್ಕೆ, ಬಂದರೆ ನನ್ನ ದನಿ ಮೆತ್ತಗಾಗುತ್ತದೆ. ಬಿಳಿ ಚಾಕಿನಷ್ಟು ನಿರುಪದ್ರವಿ ಬೇರೊಂದಿಲ್ಲ. ಕೊಡವಿದರೆ ಹೋಗುತ್ತದೆ, ಉಳಿದದ್ದು ತೊಳೆದರೆ ಹೋಗುತ್ತದೆ. ಅದರ ದೋಷವೂ ಅದೇ: ಕೊಡವದಿದ್ದರೂ ಹೋಗುತ್ತದೆ. ಮಡಿಲಲ್ಲಿ ಬಟ್ಟೆ ಹೊರಳಿಸಿದಷ್ಟೂ ಗೆರೆ ಮಾಸುತ್ತದೆ. ಹಾಗಾಗಿ ಚಾಕಿನಲ್ಲಿ ಇಡೀ ಕ್ವಿಲ್ಟಿಗೆ ಒಮ್ಮೆಗೇ ಗುರುತು ಹಾಕಬಾರದು. ಪದರಗಳನ್ನು ಜೋಡಿಸಿ ಕಚ್ಚಾ ಹೊಲಿಗೆ ಹಾಕಿದ ಮೇಲೆ, ಆ ರಾತ್ರಿ ಎಷ್ಟು ಹೊಲಿಯುತ್ತೀರೋ ಅಷ್ಟಕ್ಕೆ ಮಾತ್ರ.

ಟೈಲರುಗಳು ಬಳಸುವ ಚಪ್ಪಟೆ ಬಿಲ್ಲೆಯ ಅಂಚು ಬೇಗ ಮೊಂಡಾಗುತ್ತದೆ, ಗೆರೆ ದಪ್ಪವಾಗುತ್ತದೆ. ದಾರಕ್ಕಿಂತ ದಪ್ಪದ ಗೆರೆಯ ಮೇಲೆ ಹೊಲಿದರೆ ಹೊಲಿಗೆ ಹಾವಿನಂತೆ ಅತ್ತಿತ್ತ ಓಲಾಡುತ್ತದೆ. ಹಳೇ ಬ್ಲೇಡಿನಿಂದ ಹೆರೆದು ಅಂಚು ಚೂಪು ಮಾಡಿಕೊಳ್ಳಬೇಕು. ಮತ್ತೆ, ಚಾಕಿನಂತೆ ಕಾಣುವ ಮೇಣದ ಬಿಲ್ಲೆಗಳೂ ಸಿಗುತ್ತವೆ. ಉಗುರಿನಿಂದ ಕೆರೆದು ನೋಡಿ: ಪುಡಿಯಾದರೆ ಚಾಕು, ಜಿಡ್ಡಾಗಿ ಅಂಟಿದರೆ ಮೇಣ. ಮೇಣದ್ದು ಇಸ್ತ್ರಿಯ ಬಿಸಿಗೆ ಕರಗಿ ಬಟ್ಟೆಗೆ ಇಳಿಯುತ್ತದೆ, ಕೆಲವು ಬಟ್ಟೆಯಲ್ಲಿ ಎಣ್ಣೆ ಕಲೆಯಂತೆ ಉಳಿಯುತ್ತದೆ. ಕ್ವಿಲ್ಟಿಗೆ ಬೇಡವೇ ಬೇಡ.

ನನಗೆ ಇಷ್ಟವಾದದ್ದು ಕ್ಲೋವರ್ ಕಂಪನಿಯ ಚಾಕೊ ಲೈನರ್. ಲಿಪ್‌ಸ್ಟಿಕ್ಕಿನಷ್ಟು ಇರುತ್ತದೆ, ಒಳಗೆ ಚಾಕಿನ ಪುಡಿ, ತುದಿಯಲ್ಲಿ ಹಲ್ಲುಗಳಿರುವ ಪುಟಾಣಿ ಚಕ್ರ. ಸ್ಕೇಲಿಗೆ ತಾಗಿಸಿ ಉರುಳಿಸಿದರೆ ಚಕ್ರ ಪುಡಿಯನ್ನು ಅಳೆದಂತೆ ಚೆಲ್ಲುತ್ತಾ ಹೋಗುತ್ತದೆ. ಬಟ್ಟೆಯನ್ನು ಎಳೆಯುವುದಿಲ್ಲ, ಜಗ್ಗುವುದಿಲ್ಲ. ಚೂಪು ಮಾಡುವ ಕೆಲಸ ಇಲ್ಲ. ನೇರ ಗೆರೆಗೆ ಅದ್ಭುತ. ಸಣ್ಣ ತಿರುವುಗಳಿಗೆ ಅಷ್ಟಕ್ಕಷ್ಟೆ, ಚಕ್ರ ತಿರುಗಲು ಜಾಗ ಬೇಕು. ತಲೆಕೆಳಗಾಗಿ ಇಟ್ಟರೆ ಪೆಟ್ಟಿಗೆಯಲ್ಲಿ ಪುಡಿ, ಅಷ್ಟೇ ದೂರು.

ಬಣ್ಣದ ಪುಡಿಗಳೂ ಇವೆ. ಬಿಳಿ ಬಟ್ಟೆಗೆ ಬಿಳಿ ಚಾಕು ಕಾಣುವುದಿಲ್ಲವಲ್ಲ, ಹಾಗಾಗಿ ಬಣ್ಣದ್ದು ಬೇಕಾಗುತ್ತದೆ, ನಿಜ. ಆದರೆ ಎಚ್ಚರ. ನನ್ನ ಪರೀಕ್ಷೆಯಲ್ಲಿ ಹಳದಿ ಚಾಕು ಬಿಳಿ ಹತ್ತಿಯ ಮೇಲೆ ಎರಡು ಸಲ ತೊಳೆದರೂ ಪೂರ್ತಿ ಹೋಗಲಿಲ್ಲ. ಕೆಂಪು ಕೂಡ ಮೊಂಡು. ನೀಲಿ ಹೋಯಿತು. ನಾನಂತೂ ಹಳದಿ ಪುಡಿಯನ್ನು ಮಗಳ ಚಿತ್ರಕಲೆಗೆ ಕೊಟ್ಟುಬಿಟ್ಟೆ.

ಸ್ಟೆನ್ಸಿಲ್ (ಚಿತ್ತಾರದ ಗೆರೆಗಳನ್ನು ಸೀಳಿದ ಹಾಳೆ) ಬಳಸುವವರಿಗೆ ಪುಡಿ ತುಂಬಿದ ಪ್ಯಾಡು ಸಿಗುತ್ತದೆ. ಸ್ಟೆನ್ಸಿಲ್ಲಿನ ಮೇಲೆ ಅದನ್ನು ಒತ್ತಿ ಸವರಿದರೆ ಸೀಳುಗಳಲ್ಲಿ ಪುಡಿ ಇಳಿದು ಇಡೀ ಚಿತ್ತಾರ ಹತ್ತು ಸೆಕೆಂಡಿಗೆ ಮೂಡುತ್ತದೆ. ಮೆಷಿನ್ನಿನವರು ಇದಕ್ಕೆ ಮುಗಿಬೀಳುತ್ತಾರೆ, ಸರಿಯೇ. ಫ್ಯಾನ್ ಆರಿಸಿ ಮಾಡಿ. ಆರಿಸದೆ ಮಾಡಿದವಳು ಹೇಳುತ್ತಿದ್ದೇನೆ.

ಇಷ್ಟೆಲ್ಲ ಪೆನ್ನು, ಪುಡಿ ದಾಟಿದ ಮೇಲೆ ನನಗೆ ಸಿಕ್ಕಿದ್ದು ಹೆರಾ. ಜಪಾನಿ ಹೊಲಿಗೆಯ ಹಳೆಯ ಸಾಧನ. ಹೆರಾ ಅಂದರೆ ಆ ಭಾಷೆಯಲ್ಲಿ ಚಪ್ಪಟೆ ಸಟ್ಟುಗದಂಥ ವಸ್ತು. ಹಿಂದೆ ಎಲುಬಿನಲ್ಲಿ ಮಾಡುತ್ತಿದ್ದರು, ಈಗ ಪ್ಲಾಸ್ಟಿಕ್ಕು. ಶಾಯಿ ಇಲ್ಲ, ಪುಡಿ ಇಲ್ಲ, ಏನೂ ಇಲ್ಲ. ಬಾಗಿದ ಅಂಚನ್ನು ಬಟ್ಟೆಯ ಮೇಲೆ ಒತ್ತಿ ಎಳೆದರೆ ಉಗುರಿನಿಂದ ಗೀರಿದಂತೆ ಒಂದು ಮಡಿಕೆ ಗೆರೆ ಬೀಳುತ್ತದೆ. ಅಷ್ಟೇ.

ಮೊದಲು ನೋಡಿದಾಗ ಇದೇನು ಆಟಿಕೆ ಅನಿಸಿತ್ತು. ಬರೀ ಮೇಜಿನ ಮೇಲೆ ಒಂದು ಪದರ ಬಟ್ಟೆ ಇಟ್ಟು ಎಳೆದೆ, ಏನೂ ಕಾಣಲಿಲ್ಲ. ಎರಡು ವಾರ ಡಬ್ಬಿಯಲ್ಲೇ ಬಿದ್ದಿತ್ತು. ಆಮೇಲೆ ಪದರಗಳನ್ನು ಜೋಡಿಸಿದ ಕ್ವಿಲ್ಟಿನ ಮೇಲೆ ಎಳೆದೆ. ಒಳಹಾಸು ಮೆತ್ತಗಿರುವುದರಿಂದ ಅಂಚು ಇಳಿಯುತ್ತದೆ, ಗೆರೆ ಆಳವಾಗಿ ಬೀಳುತ್ತದೆ. ಇದರ ಗುಟ್ಟೇ ಅದು. ಇನ್ನೊಂದು ಗುಟ್ಟು ದೀಪದಲ್ಲಿದೆ. ತಲೆಯ ಮೇಲಿನ ಬೆಳಕಿಗೆ ಹೆರಾ ಗೆರೆ ಕಾಣುವುದೇ ಇಲ್ಲ. ದೀಪವನ್ನು ಪಕ್ಕಕ್ಕೆ ಸರಿಸಿ ಬೆಳಕು ಓರೆಯಾಗಿ ಬೀಳುವಂತೆ ಮಾಡಿದರೆ ಪ್ರತಿ ಗೆರೆಗೂ ನೆರಳು ಬರುತ್ತದೆ, ಉತ್ತ ಹೊಲದ ಸಾಲಿನಂತೆ ಎದ್ದು ಕಾಣುತ್ತದೆ.

ನನ್ನ ಮಟ್ಟಿಗೆ ಇದರ ದೊಡ್ಡ ಗುಣ, ಭಯ ಇಲ್ಲ. ಇಸ್ತ್ರಿಯ ಭಯ ಇಲ್ಲ, ಸೋಪಿನ ಭಯ ಇಲ್ಲ, ಚಳಿಯ ಭಯ ಇಲ್ಲ. ಐದು ತಿಂಗಳು ಬಿಟ್ಟು ಹೊಲಿದರೂ ಕಲೆ ಅನ್ನುವ ಪ್ರಶ್ನೆಯೇ ಇಲ್ಲ. ತಪ್ಪಾದರೆ ನೀರು ಚಿಮುಕಿಸಿ ಕೈಯಿಂದ ಸವರಿದರೆ ಗೆರೆ ಹೋಗುತ್ತದೆ. ಕಪ್ಪು ಬಟ್ಟೆಯ ಮೇಲೂ ಅಷ್ಟೇ, ಬಿಳಿಯ ಮೇಲೂ ಅಷ್ಟೇ. ಹೂವಿನ ಪ್ರಿಂಟಿನ ಮೇಲೆ ಮಾತ್ರ ದೇವರೇ ಗತಿ. ಪಾಲಿಯೆಸ್ಟರ್ ಬೆರೆತ ಬಟ್ಟೆಯಲ್ಲಿ ಮಡಿಕೆ ನಿಲ್ಲುವುದಿಲ್ಲ. ಸೂಕ್ಷ್ಮ ಬಳ್ಳಿ ಚಿತ್ತಾರ ಇದರಲ್ಲಿ ಬಿಡಿಸಲು ನನ್ನ ಕೈಲಾಗಲಿಲ್ಲ. ಆದರೆ ಚೌಕಳಿ, ಓರೆ ಸಾಲು, ದೊಡ್ಡ ಕಮಾನುಗಳಿಗೆ ನಾನು ಬೇರೇನೂ ಹಿಡಿಯುವುದಿಲ್ಲ. ಒತ್ತುವಾಗ ಅಂಚು ಒರಟಾಗಿಲ್ಲ ತಾನೇ ಅಂತ ಬೆರಳಿನಿಂದ ಸವರಿ ನೋಡಿಕೊಳ್ಳಿ. ಕೆಳಗೆ ಬಿದ್ದು ಮುಕ್ಕಾದ ಹೆರಾ ಎಳೆ ಕಿತ್ತುಹಾಕುತ್ತದೆ.

ಹೆರಾ ಸಿಗದಿದ್ದರೆ ಸವೆದ ಸೋಪಿನ ಚೂರು ಇದೆಯಲ್ಲ. ಸ್ನಾನದ ಮನೆಯಲ್ಲಿ ಇನ್ನೇನು ಬಿಸಾಡಬೇಕು ಅನ್ನುವಷ್ಟು ತೆಳುವಾದದ್ದು. ಒಣಗಿಸಿಟ್ಟರೆ ಅಂಚು ಚೂಪಾಗಿ, ಕಡು ಬಣ್ಣದ ಬಟ್ಟೆಯ ಮೇಲೆ ಒಳ್ಳೆ ಬಿಳಿ ಗೆರೆ ಕೊಡುತ್ತದೆ. ತೊಳೆದರೆ ಹೋಗುತ್ತದೆ, ಸೋಪೇ ಅಲ್ವಾ! ಕ್ರೀಮು, ಎಣ್ಣೆ ಬೆರೆಸಿದ ಮೃದು ಸೋಪು ಬೇಡ, ಜಿಡ್ಡು ಬಿಡುತ್ತದೆ. ನನ್ನ ಕಪ್ಪು ಪಟ್ಟಿಯ ಮೇಲೆ ಪೆನ್ನುಗಳನ್ನೆಲ್ಲ ಸೋಲಿಸಿದ್ದು ಈ ಚೂರು.

ಪೆನ್ಸಿಲ್ ಬಗ್ಗೆ ನನಗೆ ಎರಡು ಮನಸ್ಸು. ಮಾಮೂಲಿ ಸೀಸದ ಪೆನ್ಸಿಲ್ಲು ತೆಳುವಾದ ಗೆರೆ ಕೊಡುತ್ತದೆ, ನೂರಾರು ವರ್ಷಗಳಿಂದ ಕ್ವಿಲ್ಟಿನವರು ಬಳಸಿದ್ದೂ ಹೌದು. ತೊಳೆಯದೆ ಉಳಿದ ಹಳೇ ಕ್ವಿಲ್ಟುಗಳಲ್ಲಿ ಹೊಲಿಗೆಯ ಪಕ್ಕದಲ್ಲಿ ಪೆನ್ಸಿಲ್ ಗೆರೆ ಇವತ್ತಿಗೂ ಕಾಣುತ್ತದೆ. ಆ ಮಾತನ್ನು ಹೊಗಳಿಕೆ ಅಂತಲೂ ಓದಬಹುದು, ಎಚ್ಚರಿಕೆ ಅಂತಲೂ ಓದಬಹುದು. ನಾನು ಎಚ್ಚರಿಕೆ ಅಂತ ಓದಿದೆ. ಒತ್ತಿ ಬರೆದರೆ ಹೋಗುವುದು ಕಷ್ಟ, ತಿಳಿ ಬಣ್ಣದ ದಾರವನ್ನೂ ಕೊಳಕು ಮಾಡುತ್ತದೆ.

ಇದಕ್ಕೆ ಬದಲಾಗಿ ಬಟ್ಟೆಗೆಂದೇ ಮಾಡಿದ ಒತ್ತುಪೆನ್ಸಿಲ್ಲುಗಳಿವೆ. ಫ್ರಾನ್ಸಿನ ಬೋಹಿನ್ ಕಂಪನಿಯದ್ದು ಒಂದು. 1833ರಿಂದ ಇರುವ ಸೂಜಿ ತಯಾರಕರು. ಸ್ಯೂಲೈನ್ ಅನ್ನುವುದು ಇನ್ನೊಂದು. ಎರಡರಲ್ಲೂ ಕಡ್ಡಿ 0.9 ಮಿಲಿಮೀಟರ್, ಬಿಳಿ, ಬೂದು ಹೀಗೆ ಬಣ್ಣ ಬದಲಾಯಿಸಬಹುದು. ಕೆತ್ತುವ ಕೆಲಸ ಇಲ್ಲ, ಕೊನೆಯ ತನಕ ಗೆರೆ ಒಂದೇ ತೆಳುವು. ಕಡು ನೀಲಿಯ ಮೇಲೆ ಬಿಳಿ ಕಡ್ಡಿ, ಹೂವಿನ ಪ್ರಿಂಟಿನ ಮೇಲೆ ಬೂದು ಕಡ್ಡಿ. ಚಾಕಿಗಿಂತ ಜಾಸ್ತಿ ದಿನ ನಿಲ್ಲುತ್ತದೆ, ಪೆನ್ನಿಗಿಂತ ಕಡಿಮೆ ಕಾಟ. ಬಳ್ಳಿ ಚಿತ್ತಾರ ಕಡು ಬಟ್ಟೆಯ ಮೇಲೆ ಬೇಕಾದಾಗ ಈಗ ಇದನ್ನೇ ಹಿಡಿಯುತ್ತೇನೆ. ಕಡ್ಡಿ ಮುರಿಯುವುದು ಮಾತ್ರ ಸಾಮಾನ್ಯ, ಅರ್ಧ ಇಂಚು ಹೊರಗೆ ಒತ್ತಿಟ್ಟು ಬರೆಯುವ ಅವಸರದವರಿಗೆ ಅಲ್ಲ. ಬಟ್ಟೆಯ ಕೆಳಗೆ ನಯವಾದ ಉಪ್ಪುಕಾಗದ ಹಾಸಿಕೊಂಡರೆ ಬಟ್ಟೆ ಜಾರುವುದಿಲ್ಲ, ಪೆನ್ಸಿಲ್ ಯಾವುದೇ ಆಗಲಿ ಹಗುರವಾಗಿ ಎಳೆದರೆ ಸಾಕಾಗುತ್ತದೆ. ಈ ಒಂದು ಉಪಾಯ ಮೊದಲೇ ಗೊತ್ತಿದ್ದಿದ್ದರೆ ಎಷ್ಟು ಗೆರೆ ಉಳಿಯುತ್ತಿತ್ತೋ.

ಕಡು ಬಟ್ಟೆಗೆ ಕ್ಲೋವರಿನ ಬಿಳಿ ಪೆನ್ನೂ ಇದೆ. ಬರೆದಾಗ ಏನೂ ಕಾಣುವುದಿಲ್ಲ, ಶಾಯಿ ಮುಗಿದಿದೆ ಅಂತ ಮತ್ತೆ ಮತ್ತೆ ಎಳೆಯಬೇಡಿ. ಕೆಲವು ಸೆಕೆಂಡು ಕಾದರೆ ಒಣಗಿ ಬಿಳಿ ಮೂಡುತ್ತದೆ. ನೀರಿಗೂ ಹೋಗುತ್ತದೆ, ಇಸ್ತ್ರಿಗೂ ಹೋಗುತ್ತದೆ. ತಾಳ್ಮೆ ಇದ್ದವರಿಗೆ ಚೆನ್ನಾಗಿದೆ.

ಮಾಸ್ಕಿಂಗ್ ಟೇಪಿನ ಬಗ್ಗೆ ಎರಡೇ ಮಾತು. ಕಾಲು ಇಂಚಿನ ಟೇಪು ಅಂಟಿಸಿ ಅದರ ಅಂಚಿಗೇ ಹೊಲಿದರೆ ನೇರ ಸಾಲಿಗೆ ಗುರುತೇ ಬೇಡ. ಎದ್ದು ಹೋಗುವಾಗ ಕಿತ್ತುಬಿಡಿ, ದಿನಗಟ್ಟಲೆ ಬಿಟ್ಟರೆ ಅಂಟು ಬಟ್ಟೆಗೇ ಉಳಿಯುತ್ತದೆ.

ಮೆಷಿನ್ನಿನಲ್ಲಿ ಹೊಲಿಯುವ ಗೆಳತಿಯೊಬ್ಬಳು ಬಟ್ಟೆಯನ್ನು ಮುಟ್ಟುವುದೇ ಇಲ್ಲ. ತೆಳು ಕಾಗದದ ಮೇಲೆ ಚಿತ್ತಾರ ಇಟ್ಟು, ಅದನ್ನು ಕ್ವಿಲ್ಟಿಗೆ ಪಿನ್ ಮಾಡಿ, ಕಾಗದದ ಸಮೇತ ಹೊಲಿದು, ಆಮೇಲೆ ಕಾಗದ ಹರಿದು ತೆಗೆಯುತ್ತಾಳೆ. ಕಾಗದದ ಮೇಲೆ ಪೆನ್ನಿನಲ್ಲಿ ಬರೆದರೆ ಸೂಜಿ ಆ ಶಾಯಿಯನ್ನು ಬಟ್ಟೆಗೆ ಎಳೆದೊಯ್ಯುತ್ತದೆ. ಹಾಗಾಗಿ ಅವಳು ಎಂಟು ಹತ್ತು ಕಾಗದ ಒಟ್ಟಿಗೆ ಜೋಡಿಸಿ, ಮೇಲಿನದರಲ್ಲಿ ಮಾತ್ರ ಚಿತ್ರ ಬರೆದು, ದಾರ ಹಾಕದ ಸೂಜಿಯಿಂದ ಮೆಷಿನ್ ಓಡಿಸುತ್ತಾಳೆ. ಎಲ್ಲ ಕಾಗದದಲ್ಲೂ ತೂತುಗಳ ಸಾಲು. ಆ ತೂತುಗಳ ಮೇಲೆ ಹೊಲಿದರಾಯಿತು, ಶಾಯಿಯ ಸೋಂಕೇ ಇಲ್ಲ. ಸಣ್ಣ ಹೊಲಿಗೆ ಹಾಕಿದರೆ ಕಾಗದ ಸುಲಭವಾಗಿ ಬಿಡುತ್ತದೆ. ಮೂಲೆಗಳಲ್ಲಿ ಸಿಕ್ಕಿಕೊಂಡ ಚೂರುಗಳನ್ನು ಚಿಮಟದಿಂದ ಕೀಳುತ್ತಾ ಅವಳು ಬೈದುಕೊಳ್ಳುವುದನ್ನೂ ಕೇಳಿದ್ದೇನೆ.

ಇಷ್ಟಾದರೂ ನನ್ನ ಪರೀಕ್ಷಾ ಬಟ್ಟೆಯಲ್ಲಿ ಒಂದು ಪಟ್ಟಿ ಎಲ್ಲ ಸಾಧನಗಳನ್ನೂ ಸತಾಯಿಸಿತು, ಸಣ್ಣ ಹೂವಿನ ಪ್ರಿಂಟು. ನೀಲಿ ಪೆನ್ನು ಎಲೆಗಳ ನಡುವೆ ಕಳೆದುಹೋಯಿತು. ಚಾಕು ಬಿಳಿ ಹೂವಿನಲ್ಲಿ ಕರಗಿಹೋಯಿತು. ಹೆರಾ ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ಬೂದು ಕಡ್ಡಿ ಸ್ವಲ್ಪ ಕಂಡಿತು, ಆದರೆ ಕನ್ನಡಕ ಬದಲಿಸಬೇಕೇನೋ ಅನಿಸುವಷ್ಟು ಕಷ್ಟ. ಈಗ ಹೊಲಿಯುತ್ತಿರುವ ಕ್ವಿಲ್ಟ್ ಪೂರ್ತಿ ಅಂಥದ್ದೇ ಬಟ್ಟೆ. ಮೂರು ರಾತ್ರಿ ಒದ್ದಾಡಿದೆ. ನಾಲ್ಕನೇ ರಾತ್ರಿ ಅದನ್ನು ಬೇಸರದಿಂದ ಮಗುಚಿ ಹಾಸಿದಾಗ ಹೊಳೆಯಿತು. ಅಸ್ತರು ಒಂದೇ ಬಣ್ಣದ ತಿಳಿ ಬೂದು. ಗುರುತನ್ನು ಹಿಂದೆ ಹಾಕಿ, ಹಿಂದಿನಿಂದಲೇ ಹೊಲಿದರೆ ಆಯಿತಲ್ಲ. ಹೆರಾ ತೆಗೆದುಕೊಂಡು ಅಸ್ತರಿನ ಮೇಲೆ ಚೌಕಳಿ ಎಳೆದೆ, ದೀಪ ಪಕ್ಕಕ್ಕೆ ಸರಿಸಿದೆ. ಎಲ್ಲ ಸಾಲುಗಳೂ ಕಂಡವು. ಮುಂದಿನ ಮುಖದಲ್ಲಿ ಹೊಲಿಗೆ ಸರಿಯಾಗಿ ಬೀಳುತ್ತಿದೆಯಾ ಅಂತ ಒಂದೊಂದು ಸಾಲಿಗೂ ಒಮ್ಮೆ ಮಗುಚಿ ನೋಡುತ್ತೇನೆ, ಅಷ್ಟು ಕೆಲಸ ಜಾಸ್ತಿ. ಮೂವತ್ತಾರು ಸಾಲಿನಲ್ಲಿ ಹನ್ನೊಂದು ಮುಗಿದಿವೆ.